ರೈನ್‌ನಿಂದ ಡ್ಯಾನ್ಯೂಬ್‌ಗೆ: ಹಡಗು ಬೆಟ್ಟ ಹತ್ತುವುದು ಹೇಗೆ, ಅಪ್ಪ-ಅಮ್ಮನನ್ನು ಕಳಿಸಬಹುದೇ?

ಪ್ರಶ್ನೆ: ಅಪ್ಪನಿಗೆ 71 ವರ್ಷ, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅಮ್ಮನಿಗೆ 66, ಮೊಣಕಾಲು ನೋವಿದೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮದುವೆಯಾಗಿ ನಲವತ್ತು ವರ್ಷ ತುಂಬುವ ನೆಪದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಬುಡಾಪೆಸ್ಟ್‌ವರೆಗಿನ 14 ರಾತ್ರಿಗಳ ನದಿ ಕ್ರೂಸ್‌ಗೆ ಕಳಿಸೋಣ ಅಂದುಕೊಂಡಿದ್ದೇವೆ. ಆದರೆ "ನದಿಯಲ್ಲಿ ನೀರಿಲ್ಲ ಅಂತ ಅರ್ಧ ದಾರಿಯಲ್ಲಿ ಇಳಿಸಿ ಬಸ್ ಹತ್ತಿಸುತ್ತಾರೆ" ಅಂತ ಪರಿಚಯದವರೊಬ್ಬರು ಹೆದರಿಸಿದ್ದಾರೆ. ಅಪ್ಪನ ಪ್ರಶ್ನೆಯೇ ಬೇರೆ: "ರೈನ್ ಹರಿಯುವುದು ಒಂದು ದಿಕ್ಕಿಗೆ, ಡ್ಯಾನ್ಯೂಬ್ ಹರಿಯುವುದು ಇನ್ನೊಂದು ದಿಕ್ಕಿಗೆ. ಹಡಗೇನು ಬೆಟ್ಟ ಹತ್ತುತ್ತದಾ?" ಇಷ್ಟು ಖರ್ಚು ಮಾಡುವುದು ಸರಿಯೇ? (ಮೈಸೂರಿನ ಓದುಗರು)

ಉತ್ತರ: ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಣ ಹಾಕಬೇಕೋ ಬೇಡವೋ ಅನ್ನುವುದೂ ಅದರ ಉತ್ತರದಲ್ಲೇ ಇದೆ.

ಹೌದು, ಹಡಗು ಬೆಟ್ಟ ಹತ್ತುತ್ತದೆ. ಆಮ್‌ಸ್ಟರ್‌ಡ್ಯಾಮ್ ಇರುವುದು ಸಮುದ್ರ ಮಟ್ಟದಲ್ಲಿ. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್–ರೈನ್ ಕಾಲುವೆ ಹಿಡಿದು ರೈನ್ ಸೇರಿ, ಮೈಂಟ್ಸ್ ಊರಿನ ಹತ್ತಿರ ಮೈನ್ ಎಂಬ ಉಪನದಿಗೆ ತಿರುಗಿ, ಹಡಗನ್ನು ನೀರಿನ ಜೊತೆ ಎತ್ತಿ ಇಳಿಸುವ 34 ಲಾಕ್ ದಾಟಿಕೊಂಡು ಬಾಂಬೆರ್ಗ್‌ವರೆಗೆ ಏರುತ್ತದೆ. ಅಲ್ಲಿಂದ ಮುಂದಿನದು ಮನುಷ್ಯ ತೋಡಿದ ದಾರಿ. ಬಾಂಬೆರ್ಗ್‌ನಿಂದ ಕೆಲ್‌ಹೈಮ್‌ವರೆಗೆ 171 ಕಿಲೋಮೀಟರ್ ಉದ್ದದ ಮೈನ್–ಡ್ಯಾನ್ಯೂಬ್ ಕಾಲುವೆ, 1992ರ ಸೆಪ್ಟೆಂಬರ್ 25ರಂದು ಪೂರ್ತಿಯಾಗಿ ತೆರೆದದ್ದು. ಉತ್ತರದ ಕಡೆಯಿಂದ 11 ಲಾಕ್‌ಗಳಲ್ಲಿ 175 ಮೀಟರ್ ಹತ್ತುವುದು, ದಕ್ಷಿಣಕ್ಕೆ 5 ಲಾಕ್‌ಗಳಲ್ಲಿ 68 ಮೀಟರ್ ಇಳಿಯುವುದು. ನೆತ್ತಿಯ ಮೇಲೆ ಹಡಗು ಸಮುದ್ರ ಮಟ್ಟದಿಂದ 406 ಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಸಮುದ್ರದಿಂದ ಹೊರಟ ಹಡಗು ಯುರೋಪಿನಲ್ಲಿ ಇದಕ್ಕಿಂತ ಎತ್ತರಕ್ಕೆ ಹೋಗಲು ಬೇರೆ ದಾರಿಯಿಲ್ಲ.

ಲಾಕ್ ಅಂದರೆ ಎರಡು ಕಡೆ ಬಾಗಿಲಿರುವ ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲ್ಗಡೆಯ ನೀರನ್ನು ಬಿಟ್ಟರೆ ತೊಟ್ಟಿ ತುಂಬುತ್ತದೆ, ಹಡಗೂ ನೀರಿನ ಜೊತೆಗೇ ಏಳುತ್ತದೆ. ಹಡಗನ್ನು ಎತ್ತುವುದಕ್ಕೆ ಮೋಟಾರಿಲ್ಲ, ಎಲ್ಲ ನೀರಿನ ಭಾರದ್ದೇ ಕೆಲಸ. ಇಷ್ಟು ನಿಮ್ಮ ಅಪ್ಪನಿಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಕಾಲುವೆಯ ಹಿಲ್ಪೋಲ್ಟ್‌ಸ್ಟೈನ್ ಎಂಬಲ್ಲಿನ ಲಾಕ್‌ನ ಲೆಕ್ಕ ಅವರಿಗೆ ಕೊಡಿ: ತೊಟ್ಟಿಯ ಉದ್ದ 190 ಮೀಟರ್, ಅಗಲ 12 ಮೀಟರ್, ಏರಿಕೆ 24.67 ಮೀಟರ್. ಗುಣಿಸಿದರೆ ಒಂದು ಸಲ ತುಂಬಲು ಸುಮಾರು 5.6 ಕೋಟಿ ಲೀಟರ್ ನೀರು ಬೇಕು. ನೆತ್ತಿಯ ಮೇಲೆ ಯಾವ ನದಿಯೂ ಇಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂತು?

ಇಲ್ಲಿಂದ ಮುಂದಿನದು ನೀರಾವರಿಯವರಿಗೆ ರುಚಿಸುವ ಮಾತು. ಡ್ಯಾನ್ಯೂಬ್ ಕಡೆಯ ನೀರನ್ನು ದಕ್ಷಿಣದ ಐದೂ ಲಾಕ್‌ಗಳ ಪಕ್ಕದಲ್ಲಿ ಪಂಪ್ ಹಾಕಿ ಹಂತ ಹಂತವಾಗಿ ನೆತ್ತಿಗೆ ಎತ್ತುತ್ತಾರೆ. ಎತ್ತಿದ ನೀರನ್ನು ಪೋಲು ಮಾಡಬಾರದಲ್ಲ, ಅದಕ್ಕೆ ಲಾಕ್‌ನ ಮಗ್ಗುಲಲ್ಲೇ ಮೆಟ್ಟಿಲು ಗದ್ದೆಯ ಹಾಗೆ ಮೂರು ಅಗಲವಾದ ಕೊಳಗಳಿವೆ. ತೊಟ್ಟಿ ಖಾಲಿ ಮಾಡುವಾಗ ಮೇಲಿನ ಪದರದ ನೀರು ಮೇಲಿನ ಕೊಳಕ್ಕೆ, ನಡುವಿನದು ನಡುವಿನದಕ್ಕೆ, ಅದರ ಕೆಳಗಿನದು ಕೆಳಗಿನ ಕೊಳಕ್ಕೆ. ತಳದ ನೀರು ಮಾತ್ರ ಕೆಳಗೆ ಹರಿದು ಹೋಗುತ್ತದೆ. ಮುಂದಿನ ಹಡಗಿಗೆ ತೊಟ್ಟಿ ತುಂಬುವಾಗ ಇದೇ ಕೊಳಗಳ ನೀರು ಕೆಳಗಿನದು ಮೊದಲು, ಮೇಲಿನದು ಕೊನೆಗೆ ಅನ್ನುವ ಕ್ರಮದಲ್ಲಿ ವಾಪಸ್ಸು ಬರುತ್ತದೆ. ಹೀಗೆ ನೂರಕ್ಕೆ ಸುಮಾರು 60 ಪಾಲು ನೀರು ಉಳಿಯುತ್ತದೆ. ಸಾಲದ್ದಕ್ಕೆ, ಎತ್ತಿದ ನೀರಿನ ಒಂದು ಭಾಗವನ್ನು ರೋಟ್‌ಸೀ ಎಂಬ ಜಲಾಶಯದಲ್ಲಿ ಹಿಡಿದಿಟ್ಟು, ಮಳೆ ಕಡಿಮೆಯಿರುವ ಉತ್ತರ ಬವೇರಿಯಾದ ಹೊಳೆಗಳಿಗೆ ಬಿಡುತ್ತಾರೆ. ಅಂದರೆ ಹಡಗು ದಾರಿಯ ನೆಪದಲ್ಲಿ ಒಂದು ನದಿ ತಿರುವು ಯೋಜನೆಯೂ ನಡೆದುಹೋಯಿತು. ಎತ್ತಿನಹೊಳೆ ವಾದಗಳನ್ನು ಕೇಳಿ ಕೇಳಿ ಸುಸ್ತಾದವರಿಗೆ ಇದೊಂದು ಸಮಾಧಾನ: ಅಲ್ಲೂ ಜಗಳ ಕಡಿಮೆ ಇರಲಿಲ್ಲ. ಕಾಲುವೆ ಹಾದುಹೋಗುವ ಆಲ್ಟ್‌ಮ್ಯೂಲ್ ಕಣಿವೆ ಹಾಳಾಗುತ್ತದೆ ಅಂತ ಪರಿಸರದವರು ವರ್ಷಗಟ್ಟಲೆ ಹೋರಾಡಿದರು. ಎಂಬತ್ತರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿಯ ಸಾರಿಗೆ ಸಚಿವ ಫೋಲ್ಕರ್ ಹಾಫ್ ಅವರೇ ಇದನ್ನು ಬೈಬಲ್ ಕಥೆಯ ಬಾಬೆಲ್ ಗೋಪುರದ ನಂತರದ ಅತಿ ಪೆದ್ದು ಕಾಮಗಾರಿ ಎಂಬರ್ಥದಲ್ಲಿ ಹೀಗಳೆದಿದ್ದರು.

ಕನಸಂತೂ ಬಹಳ ಹಳೆಯದು. ಕ್ರಿ.ಶ. 793ರಲ್ಲಿ ಶಾರ್ಲಮೇನ್ ದೊರೆ ಇದೇ ಸೀಮೆಯಲ್ಲಿ ಕಾಲುವೆ ತೋಡಿಸಲು ಹೊರಟ. ಆ ಹಳ್ಳದ ಗುರುತು ಟ್ರಾಯ್ಶ್ಟ್‌ಲಿಂಗನ್ ಊರಿನ ಹತ್ತಿರ ಇವತ್ತಿಗೂ ಕಾಣುತ್ತದೆ. ಬವೇರಿಯಾದ ಒಂದನೇ ಲುಡ್ವಿಗ್ ದೊರೆ 1846ರಲ್ಲಿ 100 ಲಾಕ್‌ಗಳ ಕಿರಿದಾದ ಕಾಲುವೆಯೊಂದನ್ನು ಮುಗಿಸಿಯೇ ಬಿಟ್ಟ. ಅಷ್ಟು ಹೊತ್ತಿಗೆ ರೈಲು ಬಂದಿತ್ತು. ಕಾಲುವೆ ಕುಂಟುತ್ತಾ ಸಾಗಿ 1950ರಲ್ಲಿ ಮುಚ್ಚಿಹೋಯಿತು.

ಈ ಲಾಕ್ ಹತ್ತುವುದು ಹಡಗಿನೊಳಗೆ ಕೂತವರಿಗೆ ಹೇಗಿರುತ್ತದೆ ಅನ್ನುವುದನ್ನೂ ಹೇಳುತ್ತೇನೆ. ನಾನು ಮೊದಲ ಸಲ ಹೋದಾಗ ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಹೊರಗೆ ಕತ್ತಲು. ಗಡಿಯಾರದಲ್ಲಿ ಎಂಟು. ಕಣ್ಣುಜ್ಜಿಕೊಂಡು ನೋಡಿದರೆ ಅದು ಕತ್ತಲಲ್ಲ, ಗೋಡೆ. ಪಾಚಿ ಹಿಡಿದು ನೀರು ಸೋರುತ್ತಿದ್ದ ಕಾಂಕ್ರೀಟು, ಗಾಜಿನಿಂದ ಒಂದು ಗೇಣಿನಷ್ಟು ದೂರ. ಲಾಕ್‌ನ ಅಗಲ 12 ಮೀಟರ್, ಹಡಗಿನದು 11.4. ಎರಡೂ ಕಡೆ ಉಳಿಯುವುದು 30 ಸೆಂಟಿಮೀಟರ್. ಗೋಡೆ ನಿಧಾನವಾಗಿ ಕೆಳಗೆ ಜಾರತೊಡಗಿತು; ಜಾರುತ್ತಿದ್ದದ್ದು ಗೋಡೆಯಲ್ಲ, ಏಳುತ್ತಿದ್ದವನು ನಾನು ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಒಂದಿಷ್ಟು ನಿಮಿಷಕ್ಕೆ ಕಿಟಕಿಯ ಮೇಲ್ತುದಿಯಲ್ಲಿ ಬೆಳಕಿನ ಗೆರೆ, ಆಮೇಲೆ ಹುಲ್ಲು, ಆಮೇಲೆ ಸೈಕಲ್ ನಿಲ್ಲಿಸಿಕೊಂಡು ನಮ್ಮನ್ನೇ ನೋಡುತ್ತಿದ್ದ ಒಬ್ಬ ಅಜ್ಜ. ಅವನ ಕಣ್ಣಿಗೆ ಭೂಮಿಯೊಳಗಿಂದ ಹೋಟೆಲ್ಲೊಂದು ಎದ್ದು ಬಂದಂತೆ ಕಂಡಿರಬೇಕು.

ನೆತ್ತಿಯ ಮೇಲೆ ಸಾಗುವಾಗ ದಡದಲ್ಲೊಂದು ಕಾಂಕ್ರೀಟ್ ಸ್ಮಾರಕ ಬರುತ್ತದೆ. ಅದರಿಂದ ಆಚೆಗೆ ಬಿದ್ದ ಮಳೆ ಉತ್ತರ ಸಮುದ್ರಕ್ಕೆ, ಈಚೆಗೆ ಬಿದ್ದದ್ದು ಕಪ್ಪು ಸಮುದ್ರಕ್ಕೆ. ಸಕಲೇಶಪುರದ ದಿಣ್ಣೆಗಳ ಮೇಲೆ ಒಂದು ಮಗ್ಗುಲಿನ ನೀರು ಹೇಮಾವತಿಗೂ ಇನ್ನೊಂದು ಮಗ್ಗುಲಿನದು ನೇತ್ರಾವತಿಗೂ ಹೋಗುವುದನ್ನು ನಿಮ್ಮ ಅಪ್ಪ ನೋಡಿರುತ್ತಾರೆ. ಅಂಥ ದಿಣ್ಣೆಯನ್ನು ಹಡಗಿನಲ್ಲಿ ಕೂತು ದಾಟುವುದಷ್ಟೇ ಇಲ್ಲಿನ ವಿಶೇಷ. ಡೆಕ್ ತೆರೆದಿದ್ದರೆ ಅವರು ಆ ಹೊತ್ತಿಗೆ ಮೇಲಿನ ಡೆಕ್‌ನಲ್ಲಿರಲಿ. ಸ್ಮಾರಕ ಕಾಫಿ ಹೀರುವಷ್ಟರಲ್ಲಿ ಹಿಂದೆ ಹೋಗಿಬಿಡುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. 14 ರಾತ್ರಿಯ ಪ್ರಯಾಣದಲ್ಲಿ ಮೈನ್ ನದಿ ಮತ್ತು ಕಾಲುವೆ ಸೇರಿ ಹೆಚ್ಚುಕಡಿಮೆ ಐದು ದಿನ ತಿನ್ನುತ್ತವೆ. ಕೋಟೆಗಳ ಸಾಲು ರೈನ್‌ನಲ್ಲಿ ಮುಗಿದಿರುತ್ತದೆ, ವಿಯೆನ್ನಾ ಇನ್ನೂ ದೂರ. ಹಡಗು ಸೈಕಲ್ ವೇಗದಲ್ಲಿ ಸಾಗುತ್ತದೆ, ಗಂಟೆಗೊಂದು ಲಾಕ್. ಕಾಲುವೆಯ ಸೇತುವೆಗಳ ಕೆಳಗೆ ಸಿಗುವ ಎತ್ತರ ಆರೇ ಮೀಟರ್, ಹಾಗಾಗಿ ಮೇಲಿನ ಡೆಕ್‌ನ ಕುರ್ಚಿ, ಕೊಡೆ, ಕಟಕಟೆಗಳನ್ನೆಲ್ಲ ಮಡಚಿಡುತ್ತಾರೆ, ಚಾಲಕನ ಕೋಣೆಯೇ ಲಿಫ್ಟಿನ ಹಾಗೆ ಕೆಳಗಿಳಿಯುತ್ತದೆ, ಎಷ್ಟೋ ಹೊತ್ತು ಡೆಕ್‌ಗೆ ಪ್ರವೇಶವೇ ಇರುವುದಿಲ್ಲ. "ಬೋರು" ಅಂತ ಹೆಚ್ಚಿನವರು ದೂರುವುದು ಈ ಐದು ದಿನಗಳನ್ನೇ. ನನ್ನ ಅಭಿಪ್ರಾಯ ತಿರುಗಾಮುರುಗಾ: ಆಮ್‌ಸ್ಟರ್‌ಡ್ಯಾಮ್, ಕಲೋನ್, ವಿಯೆನ್ನಾ, ಬುಡಾಪೆಸ್ಟ್‌ಗಳನ್ನು ರೈಲಿನಲ್ಲಿ ಹೋಗಿ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ನೋಡಬಹುದು. ಹಡಗಿನಲ್ಲಿ ಮಾತ್ರ ಸಿಗುವುದು ಈ ಐದು ದಿನ. ಅದಕ್ಕೇ ನೀವು ದುಡ್ಡು ಕೊಡುತ್ತಿರುವುದು.

ಅಪ್ಪನ ಕೆಲಸ ಗೊತ್ತಾದ ಮೇಲೆ ಅವರ ವಿಷಯದಲ್ಲಿ ನನಗೆ ಸಂಶಯವಿಲ್ಲ. ಅಮ್ಮನನ್ನು ಬೇರೆಯಾಗಿ ಕೇಳಿ, ಅದೂ ಅಪ್ಪ ಎದುರಿಗಿಲ್ಲದಾಗ. ಕಿಟಕಿ ಪಕ್ಕ ಪುಸ್ತಕ ಹಿಡಿದು ಕೂರುವುದು ಅವರಿಗೆ ಸೇರುತ್ತದೆಯೇ, ಇಲ್ಲ ದಿನಾ ಹೊಸ ಊರು, ಅಂಗಡಿ, ಜನ ಬೇಕೇ? ಎರಡನೆಯದಾದರೆ ಪಾಸಾವ್‌ನಿಂದ ಬುಡಾಪೆಸ್ಟ್‌ವರೆಗಿನ ಏಳು ರಾತ್ರಿಯ ಡ್ಯಾನ್ಯೂಬ್ ಪ್ರಯಾಣ ಸಾಕು. ಮೆಲ್ಕ್‌ನ ಹಳದಿ ಮಠ, ದ್ರಾಕ್ಷಿ ತೋಟಗಳ ವಾಖಾವ್ ಕಣಿವೆ, ವಿಯೆನ್ನಾ, ಬ್ರಾಟಿಸ್ಲಾವಾ ಎಲ್ಲ ಅದರಲ್ಲೇ ಬರುತ್ತವೆ, ಖರ್ಚೂ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಲಾಕ್ ನೋಡುವ ಅಪ್ಪನ ಆಸೆಗೂ ಮೋಸವಿಲ್ಲ, ಆಸ್ಟ್ರಿಯಾದ ಡ್ಯಾನ್ಯೂಬ್‌ನಲ್ಲೇ ಒಂಬತ್ತು ಇವೆ.

ಇನ್ನು ಬಸ್ ಹತ್ತಿಸುವ ಕಥೆ. ನಿಮ್ಮ ಪರಿಚಯದವರು ಸುಳ್ಳು ಹೇಳಿಲ್ಲ. ಮೈನ್‌ನಲ್ಲೂ ಕಾಲುವೆಯಲ್ಲೂ ಲಾಕ್‌ಗಳು ನೀರನ್ನು ಹಿಡಿದಿಡುವುದರಿಂದ ಅಲ್ಲಿ ನೀರು ಸಾಲದೆ ಹೋಗುವ ತೊಂದರೆ ಅಷ್ಟಾಗಿ ಇಲ್ಲ. ತೊಂದರೆ ಇರುವುದು ಮುಖ್ಯವಾಗಿ ಅಣೆಕಟ್ಟು, ಲಾಕ್ ಏನೂ ಇಲ್ಲದೆ ನದಿ ತನ್ನ ಪಾಡಿಗೆ ಹರಿಯುವ ಎರಡು ಜಾಗಗಳಲ್ಲಿ. ಒಂದು ಮಧ್ಯ ರೈನ್, ಇನ್ನೊಂದು ಡ್ಯಾನ್ಯೂಬ್‌ನಲ್ಲಿ ಸ್ಟ್ರಾಬಿಂಗ್‌ನಿಂದ ಫಿಲ್ಸ್‌ಹೋಫನ್‌ವರೆಗಿನ ಸುಮಾರು 70 ಕಿಲೋಮೀಟರ್. ರೈನ್‌ನ ನೀರು ಅಳೆಯಲು ಎಲ್ಲರೂ ನೋಡುವುದು ಕಾವ್ಬ್ ಎಂಬ ಪುಟ್ಟ ಊರಿನ ಮಾಪಕವನ್ನು. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂಟಿಮೀಟರ್ ತೋರಿಸಿತ್ತು. ನದಿಯಲ್ಲಿ ಇದ್ದದ್ದೇ ಮೊಣಕಾಲು ಮುಳುಗದಷ್ಟು ನೀರು ಅಂತ ತಿಳಿಯಬೇಡಿ. ಮಾಪಕದ ಸೊನ್ನೆ ನದಿಯ ತಳವಲ್ಲ. ಹಡಗು ಹೋಗುವ ಪಾತ್ರದಲ್ಲಿ ಅದಕ್ಕಿಂತ ಒಂದು ಮೀಟರಿಗೂ ತುಸು ಹೆಚ್ಚು ಆಳ ಇರುತ್ತದೆ. ಆದರೂ 135 ಮೀಟರ್ ಉದ್ದದ ಹೋಟೆಲ್ ಹಡಗಿಗೆ ಅದು ಸಾಲದು. 2022ರ ಆಗಸ್ಟ್‌ನಲ್ಲೂ ಹೀಗೇ ಆಯಿತು.

ನೀರು ಹೆಚ್ಚಾದರೂ ಕಷ್ಟವೇ, ಸೇತುವೆ ಕೆಳಗೆ ಹಡಗು ತೂರುವುದಿಲ್ಲ. ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಟ್ಸ್ ಮೂರೂ ಸೇರುತ್ತವೆ. ಅಲ್ಲಿನ ಪುರಭವನದ ಗೋಡೆಯ ಮೇಲೆ ಪ್ರವಾಹದ ಮಟ್ಟಗಳನ್ನು ಇಸವಿ ಸಮೇತ ಬರೆದಿದ್ದಾರೆ. 2013ರ ಜೂನ್‌ನ ಗೆರೆ, 12.89 ಮೀಟರ್, 1501ರ ಗೆರೆಗಿಂತ ಸ್ವಲ್ಪವೇ ಕೆಳಗಿದೆ. ತಲೆಯೆತ್ತಿ ನೋಡಬೇಕು. 2024ರಲ್ಲಂತೂ ಜೂನ್‌ನಲ್ಲಿ ಬವೇರಿಯಾದಲ್ಲಿ, ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ, ಎರಡು ಸಲ ಪ್ರವಾಸಿ ಹಡಗುಗಳು ನಿಂತಲ್ಲೇ ನಿಂತವು.

ಹೀಗಾದಾಗ ದೊಡ್ಡ ಕಂಪನಿಗಳು ಮಾಡುವುದು ಹಡಗು ಬದಲಾವಣೆ. ಅಡ್ಡಿಯಾದ ಜಾಗದ ಆಚೆ ಬದಿಗೆ ಅಂಥದೇ ಇನ್ನೊಂದು ಹಡಗು ಬಂದಿರುತ್ತದೆ. ನಿಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅದೇ ನಂಬರಿನ ಕೋಣೆ ಕೊಡುತ್ತಾರೆ. ಬೇಸರವೇ, ಆದರೆ ಪ್ರವಾಸ ಕೆಡುವುದಿಲ್ಲ. ಒಂದೆರಡೇ ಹಡಗಿರುವ ಕಂಪನಿಗೆ ಈ ಅನುಕೂಲವಿಲ್ಲ, ಅವರು ಪೂರ್ತಿ ಬಸ್ಸು-ಹೋಟೆಲ್ ಮಾಡಿಬಿಡಬಹುದು. ಆದ್ದರಿಂದ ಬುಕ್ ಮಾಡುವ ಮೊದಲು "ಈ ದಾರಿಯಲ್ಲಿ ನಿಮ್ಮ ಎಷ್ಟು ಹಡಗುಗಳು ಓಡುತ್ತವೆ" ಅಂತ ಕೇಳಿ, "ನೀರು ಹೆಚ್ಚು-ಕಡಿಮೆಯಾದರೆ ಹಣ ವಾಪಸ್ಸಿನ ಷರತ್ತೇನು" ಅನ್ನುವುದನ್ನು ಬರಹದಲ್ಲಿ ತರಿಸಿಕೊಳ್ಳಿ. ಕಾಲದ ಮಾತು ಹೇಳುವುದಾದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೀರು ಇಳಿಯುವ ಭಯ, ವಸಂತದಿಂದ ಜೂನ್‌ವರೆಗೆ ಏರುವ ಭಯ. ಆ ಭಯ ಸ್ವಲ್ಪ ಇದ್ದರೂ ನಾನಾದರೆ ಮೇ ಎರಡನೇ ವಾರದಿಂದ ಮೇ ಕೊನೆಯೊಳಗೆ ಕಳಿಸುತ್ತೇನೆ. ಹಗಲು ಉದ್ದ, ಸೆಕೆಯಿಲ್ಲ. ಜೊತೆಗೆ ಜರ್ಮನಿಯಲ್ಲಿ ಬಿಳಿ ಶತಾವರಿ ಅಡುಗೆಯ ಕಾಲ, ಜೂನ್ 24ಕ್ಕೆ ಮುಗಿದುಹೋಗುತ್ತದೆ. ಹಂದಿಮಾಂಸದ ನಾಡಿನಲ್ಲಿ ತರಕಾರಿಯೊಂದಕ್ಕೆ ಇಷ್ಟು ಮರ್ಯಾದೆ ಸಿಗುವುದು ಆಗ ಮಾತ್ರ.

ಊಟದ ವಿಷಯಕ್ಕೆ ಬಂದರೆ "ವೆಜಿಟೇರಿಯನ್" ಅಂತಷ್ಟೇ ಬರೆದರೆ ಸಾಲದು. ಮೀನು ಬೇಡ, ಮೊಟ್ಟೆ ಬೇಡ, ಮಾಂಸ ಬೇಯಿಸಿದ ನೀರಿನ ಸೂಪ್ ಬೇಡ, ಜೆಲಾಟಿನ್ ಹಾಕಿದ ಸಿಹಿ ಬೇಡ ಅಂತ ಒಂದೊಂದಾಗಿ ಬರೆದು ಬುಕಿಂಗ್‌ನ ಹೊತ್ತಿಗೇ ಕಳಿಸಿ, ಹಡಗು ಹತ್ತಿದ ಸಂಜೆ ಊಟದ ಮನೆಯ ಮುಖ್ಯಸ್ಥರಿಗೆ ಅದೇ ಚೀಟಿ ಕೈಗೆ ಕೊಡಲಿ. ಸುಮಾರು 190 ಜನರ ಹಡಗು, ಅಡುಗೆಯವರಿಗೆ ಮುಖ ಗುರುತು ಸಿಗುತ್ತದೆ, ಮಾಡಿಕೊಡುತ್ತಾರೆ. ಕೇಕಿನಲ್ಲೂ ಅಲ್ಲಿನ ಶ್ಪೆಟ್ಸ್‌ಲೆ ಎಂಬ ಶ್ಯಾವಿಗೆಯಂಥ ತಿನಿಸಿನಲ್ಲೂ ಮೊಟ್ಟೆ ಇದ್ದೇ ಇರುತ್ತದೆ. ಬ್ರೆಡ್ಡು, ಹಣ್ಣು, ಮೊಸರು, ಆಲೂಗಡ್ಡೆಗೆ ಬರವಿಲ್ಲ. ಇನ್ನೊಂದು: ಊಟದ ಜೊತೆ ವೈನು, ಬಿಯರು ಉಚಿತ ಅಂತ ಎಲ್ಲ ಸೇರಿಸಿ ದೊಡ್ಡ ದರ ಹೇಳುವ ಪ್ಯಾಕೇಜ್‌ಗಳಿವೆ. ಕುಡಿಯದ ಇಬ್ಬರು ಉಳಿದವರ ಗ್ಲಾಸಿಗೆ ಯಾಕೆ ಹಣ ಕಟ್ಟಬೇಕು? ಪಾನೀಯ ಬಿಟ್ಟ ದರ ಕೇಳಿ. ಟಿಪ್ಸ್ ಬೇರೆ, ದಿನಕ್ಕೆ ತಲಾ 10–15 ಯೂರೋ ಅಂತ ಮೊದಲೇ ಲೆಕ್ಕ ಹಾಕಿಡಿ.

ಅಮ್ಮನ ಮೊಣಕಾಲಿಗೆ ಹಡಗು ರೈಲಿಗಿಂತ ಮೇಲು. ಒಂದೇ ಸಲ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು, ಸಮುದ್ರದ ತೊನೆದಾಟವೂ ಇಲ್ಲ. ಆದರೆ ಹಡಗಿನ ಲಿಫ್ಟ್ ಸಾಮಾನ್ಯವಾಗಿ ಅತಿ ಕೆಳಗಿನ ಡೆಕ್‌ಗೂ ಹೋಗುವುದಿಲ್ಲ, ಮೇಲಿನ ತೆರೆದ ಡೆಕ್‌ಗೂ ಹೋಗುವುದಿಲ್ಲ. ಅಗ್ಗ ಅಂತ ಕೆಳಗಿನ ಕೋಣೆ ಹಿಡಿಯಬೇಡಿ: ಕಿಟಕಿ ತೆಗೆಯಲು ಬರುವುದಿಲ್ಲ, ನೀರಿನ ಮಟ್ಟ ಅದರ ಸ್ವಲ್ಪವೇ ಕೆಳಗೆ. ನಡುವಿನ ಡೆಕ್, ಹಡಗಿನ ನಡುಭಾಗ, ಎಂಜಿನ್ನಿನಿಂದ ದೂರ, ಇಷ್ಟು ನೋಡಿ ತೆಗೆದುಕೊಳ್ಳಿ. ಬಾಲ್ಕನಿಗೆ ಹೆಚ್ಚು ಹಣ ಸುರಿಯಬೇಡಿ. ನಿಲ್ದಾಣಗಳಲ್ಲಿ ಜಾಗ ಸಾಲದೆ ಎರಡು-ಮೂರು ಹಡಗುಗಳನ್ನು ಪಕ್ಕಪಕ್ಕಕ್ಕೆ ಕಟ್ಟುತ್ತಾರೆ, ಆಗ ಬಾಲ್ಕನಿಯಿಂದ ಕಾಣುವುದು ಪಕ್ಕದ ಹಡಗಿನವರು ಹಲ್ಲುಜ್ಜುವುದು. ದಡಕ್ಕೆ ಹೋಗಲೂ ಆ ಹಡಗುಗಳ ಮೂಲಕವೇ, ಕೆಲವೊಮ್ಮೆ ಅವುಗಳ ಮೇಲಿನ ಡೆಕ್ ಹತ್ತಿ ಇಳಿದೇ ದಾಟಬೇಕು. ಬಾಂಬೆರ್ಗ್, ರೆಗೆನ್ಸ್‌ಬುರ್ಗ್, ಡ್ಯೂರ್ನ್‌ಸ್ಟೈನ್ ಊರುಗಳ ಬೀದಿಗೆ ಹಾಸಿರುವುದು ಉಬ್ಬುತಗ್ಗಿನ ಕಲ್ಲು. ಚಪ್ಪಲಿ ಬೇಡ, ದಪ್ಪ ಅಡಿಯ ಬೂಟೇ ಬೇಕು. ನಿಧಾನ ನಡೆಯುವವರಿಗೆ ಬೇರೆ ಗುಂಪು ಮಾಡುತ್ತಾರೆ, ಸಂಕೋಚಪಡದೆ ಅದಕ್ಕೇ ಸೇರಲಿ. ನದಿ ಹಡಗಿನಲ್ಲಿ ಸಾಮಾನ್ಯವಾಗಿ ಡಾಕ್ಟರ್ ಇರುವುದಿಲ್ಲ. ದಡ ಹತ್ತಿರವೇ ಇರುವುದರಿಂದ ಗಾಬರಿ ಬೇಡ, ಮಾತ್ರೆಗಳನ್ನು ಮಾತ್ರ ಹದಿನೈದು ದಿನಕ್ಕಿಂತ ಹೆಚ್ಚೇ ಕಟ್ಟಿಕೊಡಿ.

ವೀಸಾದಲ್ಲಿ ತುಂಬಾ ಜನ ಎಡವುತ್ತಾರೆ. ನನಗೆ ಗೊತ್ತಿರುವ ಒಂದು ಕುಟುಂಬಕ್ಕೆ ಅವರ ಏಜೆಂಟ್ "ಹಡಗು ಹೊರಡುವುದು ಆಮ್‌ಸ್ಟರ್‌ಡ್ಯಾಮ್‌ನಿಂದ, ನೆದರ್‌ಲ್ಯಾಂಡ್ಸ್‌ಗೇ ಅರ್ಜಿ ಹಾಕಿ" ಅಂದಿದ್ದ. ನಿಯಮ ಹಾಗಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ ಅರ್ಜಿ. ದಿನಗಳು ಸಮವಾದಾಗ ಮಾತ್ರ ಮೊದಲು ಕಾಲಿಡುವ ದೇಶ. ಈ ಪ್ರಯಾಣದಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿಗಳು ಜರ್ಮನಿಯಲ್ಲೇ ಕಳೆಯುತ್ತವೆ, ಆದ್ದರಿಂದ ಜರ್ಮನಿ. (ಪಾಸಾವ್‌ನಿಂದ ಹೊರಡುವ ಏಳು ರಾತ್ರಿಯದಾದರೆ ಬಹುಶಃ ಆಸ್ಟ್ರಿಯಾ, ರಾತ್ರಿಗಳನ್ನು ಎಣಿಸಿ ನೋಡಿ.) ಯಾವ ರಾತ್ರಿ ಹಡಗು ಯಾವ ಊರಿನಲ್ಲಿ ಅನ್ನುವ ಪಟ್ಟಿಯನ್ನು ಕಂಪನಿಯಿಂದ ತರಿಸಿ ಅರ್ಜಿಗೆ ಲಗತ್ತಿಸಿ, ಹೋಟೆಲ್ ಬುಕಿಂಗ್‌ನ ಜಾಗದಲ್ಲಿ ಅದೇ ಆಧಾರ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು ಕಡ್ಡಾಯ. ಹೊರಡುವ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಮೇ ಪ್ರಯಾಣಕ್ಕೆ ಜನವರಿಯಲ್ಲೇ ಬೆಂಗಳೂರಿನ ಕೇಂದ್ರದಲ್ಲಿ ಸಮಯ ಹಿಡಿಯಿರಿ.

ಪೆಟ್ಟಿಗೆಗೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ ಹಾಕಿಕೊಡಬಹುದು. ತುಪ್ಪದ ಡಬ್ಬಿ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ಅವಕಾಶವಿಲ್ಲ. ಹಸಿ ಕರಿಬೇವೂ ಬೇಡ.

ಅಪ್ಪನಿಗೆ ಒಂದು ನೋಟ್‌ಬುಕ್ಕೂ ಇರಲಿ. ದಡದಲ್ಲಿ ಕಿಲೋಮೀಟರ್ ಬೋರ್ಡುಗಳು ಬರುತ್ತವೆ. ರೈನ್‌ನ ಲೆಕ್ಕ ಶುರುವಾಗುವುದು ಮೇಲ್ಗಡೆ ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ. ಕಲೋನ್ 688, ಕಾವ್ಬ್ 546. ಪ್ರವಾಹಕ್ಕೆ ಎದುರಾಗಿ ಹೋಗುವುದರಿಂದ ನಂಬರು ಇಳಿಯುತ್ತದೆ. ಡ್ಯಾನ್ಯೂಬ್‌ನಲ್ಲಿ ಪ್ರವಾಹದ ಜೊತೆಗೇ ಹೋಗುತ್ತೀರಿ, ಆದರೂ ನಂಬರು ಇಳಿಯುತ್ತಲೇ ಇರುತ್ತದೆ. ಅಲ್ಲಿ ಸೊನ್ನೆ ಇರುವುದು ಕಪ್ಪು ಸಮುದ್ರದ ಬಾಯಲ್ಲಿ, ಸುಲಿನಾ ಎಂಬಲ್ಲಿ. ಅವರು ಇಳಿಯುವ ಬುಡಾಪೆಸ್ಟ್‌ನ ಸರಪಳಿ ಸೇತುವೆಯ ಹತ್ತಿರ ಇನ್ನೂ 1,647 ಬಾಕಿ ಇರುತ್ತದೆ.